ಕಡಲಾಚೆಯ ಟ್ರಸ್ಟ್ ತಕರಾರು: ಬ್ಯಾರಿಸ್ಟರ್ ಬಳಿಗೆ ಯಾವಾಗ ಹೋಗಬೇಕು, ಏನು ಹಿಡಿದು ಹೋಗಬೇಕು

“ದೊಡ್ಡಪ್ಪ ಲಂಡನ್ನಿನಲ್ಲಿ ತೀರಿಕೊಂಡರು. ಜೆರ್ಸಿ ಎಂಬಲ್ಲಿ ಅವರದೊಂದು ಟ್ರಸ್ಟ್ ಇದೆಯಂತೆ. ಅದರಲ್ಲಿ ನಮ್ಮ ಪಾಲು ಎಷ್ಟು ಸರ್?”

ಬೆಂಗಳೂರಿನಲ್ಲಿ ಸಿವಿಲ್ ವಕೀಲಿ ಮಾಡುವ ನನ್ನ ಬಳಿಗೆ ಈ ಪ್ರಶ್ನೆ ಹೊತ್ತು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಕಾಗದಗಳಿರುತ್ತವೆ. ಒಂದು, ವಿದೇಶದ ಟ್ರಸ್ಟ್ ಕಂಪನಿಯಿಂದ ಬಂದ ನಾಲ್ಕು ಸಾಲಿನ ಇಮೇಲ್. ಇನ್ನೊಂದು, ಅದಕ್ಕೆ ಮನೆಮಂದಿಯೆಲ್ಲ ಸೇರಿ ಬರೆದು ಆಗಲೇ ಕಳುಹಿಸಿಬಿಟ್ಟ ನಾಲ್ಕು ಪುಟಗಳ ಖಾರದ ಉತ್ತರ. ಮೊದಲನೆಯದನ್ನು ಓದಲು ನಿಮಿಷ ಸಾಕು. ಎರಡನೆಯದು ಮಾಡಿದ ಹಾನಿಯನ್ನು ಸರಿಪಡಿಸಲು ಕೆಲವೊಮ್ಮೆ ವರ್ಷ ಹಿಡಿಯುತ್ತದೆ.

ಬ್ಯಾರಿಸ್ಟರ್ ಎಂದರೆ ಕೋರ್ಟಿನಲ್ಲಿ ನಿಂತು ವಾದಿಸುವವರು, ದಾವೆ ಹೂಡುವ ಹೊತ್ತಿಗೆ ಹುಡುಕಿದರಾಯಿತು ಎಂದು ನಾವು ಅಂದುಕೊಂಡಿರುತ್ತೇವೆ. ಈ ಬಗೆಯ ತಕರಾರಿನಲ್ಲಿ ಲೆಕ್ಕ ತಿರುಗುಮುರುಗು. ಅವರು ಹೆಚ್ಚು ಬೇಕಾಗುವುದು ನೀವು ಬರೆಯುವ ಮೊದಲ ಉತ್ತರಕ್ಕೂ ಮುಂಚೆ. ಏಕೆ, ಮತ್ತು ಅಲ್ಲಿಗೆ ತಲುಪುವುದು ಹೇಗೆ ಎಂಬುದನ್ನು ನಾನು ಕಕ್ಷಿದಾರರಿಗೆ ಹೇಳುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

1. “ಪಾಲು” ಎಂಬ ಮಾತನ್ನು ಪಕ್ಕಕ್ಕಿಡಿ

ನಮ್ಮ ಕಡೆಯ ಆಸ್ತಿ ಜಗಳಗಳೆಲ್ಲ ಪಾಲಿನ ಜಗಳಗಳು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು, ಮೂವರು ಮಕ್ಕಳಿದ್ದರೆ ಮೂರರಲ್ಲೊಂದು, ವಿಭಾಗಪತ್ರ ಆಗದಿದ್ದರೆ ವಿಭಾಗದ ದಾವೆ. ಈ ಗಣಿತವನ್ನು ಕಡಲಾಚೆಯ ಟ್ರಸ್ಟಿಗೆ ಅನ್ವಯಿಸಿದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಜೆರ್ಸಿ, ಗರ್ನ್ಸಿ, ಕೇಮನ್, ಬರ್ಮುಡಾ ಎಂಬ ಬ್ರಿಟನ್ನಿಗೆ ಅಧೀನವಾದ ದ್ವೀಪಗಳಲ್ಲಿ ಕುಟುಂಬಗಳಿಗಾಗಿ ಮಾಡುವ ಟ್ರಸ್ಟುಗಳು ಬಹುಪಾಲು ಟ್ರಸ್ಟಿಗಳ, ಅಂದರೆ ಟ್ರಸ್ಟನ್ನು ನಡೆಸುವವರ, ವಿವೇಚನೆಗೆ ಬಿಟ್ಟವು. ಹಣ ಇಟ್ಟವರು ಅದರ ಒಡೆತನವನ್ನು ಆ ಟ್ರಸ್ಟಿಗಳಿಗೆ ವರ್ಗಾಯಿಸಿರುತ್ತಾರೆ. ಫಲಾನುಭವಿಗಳ ಹೆಸರು ಪತ್ರದಲ್ಲಿರುತ್ತದೆ, ಆದರೆ ಯಾರಿಗೆ ಯಾವಾಗ ಎಷ್ಟು ಕೊಡಬೇಕು ಎಂಬುದನ್ನು ಟ್ರಸ್ಟಿ ತೀರ್ಮಾನಿಸುತ್ತಾರೆ. ನಿಮಗೆ ಗೊತ್ತಾದ ಪಾಲು ಎಂಬುದು ಇಲ್ಲ. ಇರುವುದು, ನಿಮ್ಮ ಹೆಸರನ್ನು ಪ್ರಾಮಾಣಿಕವಾಗಿ ಪರಿಗಣಿಸಬೇಕು ಎಂದು ಕೇಳುವ ಹಕ್ಕು ಮತ್ತು ಟ್ರಸ್ಟನ್ನು ಸರಿಯಾಗಿ ನಡೆಸಬೇಕೆಂದು ಒತ್ತಾಯಿಸುವ ಹಕ್ಕು. ಇದರ ಮೇಲೆ, ಹಲವು ಟ್ರಸ್ಟ್ ಪತ್ರಗಳಲ್ಲಿ ಫಲಾನುಭವಿಯನ್ನು ಪಟ್ಟಿಯಿಂದ ತೆಗೆಯುವ ಅಧಿಕಾರವನ್ನೂ ಬರೆದಿರುತ್ತಾರೆ. ತಕರಾರು ತೆಗೆದವರು ಹಕ್ಕು ಕಳೆದುಕೊಳ್ಳುತ್ತಾರೆ ಎಂಬ ಷರತ್ತೂ ಇರಬಹುದು. ಅಂಥ ಷರತ್ತು ಸಿಂಧು, ಆದರೆ ನ್ಯಾಯವಾದ ಕಾರಣವಿದ್ದು ಕೋರ್ಟಿಗೆ ಹೋದವರಿಗೆ ಅದು ತಟ್ಟದು ಎಂಬರ್ಥದಲ್ಲಿ ಕೇಮನ್ ನ್ಯಾಯಾಲಯ 2006ರಲ್ಲಿ ಹೇಳಿತು. ನಿಮ್ಮ ಕಾರಣ ಯಾವ ಬಗೆಯದು ಎಂಬುದನ್ನು ನೀವೇ ಊಹಿಸಿಕೊಂಡು ಪತ್ರ ಬರೆಯುವುದು ಒಳ್ಳೆಯದಲ್ಲ.

ಆದ್ದರಿಂದ ಮೊದಲ ವಾರ ಏನನ್ನೂ ಆರೋಪಿಸಬೇಡಿ. “ಪತ್ರ ತಲುಪಿತು, ವಿವರವಾಗಿ ಬರೆಯುತ್ತೇವೆ” ಎಂಬ ಒಂದು ಸಾಲು ಸಾಕು.

2. ಕಾಗದ ಯಾವುದು, ಕಾನೂನು ಎಲ್ಲಿಯದು

ಉಯಿಲಿನ ತಕರಾರು ಮತ್ತು ಟ್ರಸ್ಟಿನ ತಕರಾರು ಬೇರೆ ಬೇರೆ. ಒಂದೇ ಸಾವಿನಿಂದ ಎರಡೂ ಹುಟ್ಟಬಹುದು. ಉಯಿಲಿನಲ್ಲಿರುವುದು ತೀರಿಕೊಂಡವರ ಕೈಯಲ್ಲಿ ಕೊನೆಯವರೆಗೂ ಉಳಿದ ಆಸ್ತಿ. ಟ್ರಸ್ಟಿನಲ್ಲಿರುವುದು ಅವರು ಬದುಕಿದ್ದಾಗಲೇ ಬಿಟ್ಟುಕೊಟ್ಟದ್ದು. ಇವೆರಡರ ನಡುವೆ ಇನ್ನೊಂದು ಪದರವೂ ಇರುತ್ತದೆ: ಲಂಡನ್ನಿನ ಮನೆ ಬ್ರಿಟಿಷ್ ವರ್ಜಿನ್ ದ್ವೀಪಗಳ ಒಂದು ಕಂಪನಿಯ ಹೆಸರಿನಲ್ಲಿ, ಆ ಕಂಪನಿಯ ಷೇರುಗಳು ಜೆರ್ಸಿಯ ಟ್ರಸ್ಟಿಯ ಹೆಸರಿನಲ್ಲಿ. ಈರುಳ್ಳಿಯಂತೆ ಸಿಪ್ಪೆ ಬಿಡಿಸುತ್ತಾ ಹೋಗಬೇಕು. ಪ್ರತಿ ಸಿಪ್ಪೆಗೂ ಒಂದು ದೇಶ, ಒಂದು ಕಾನೂನು.

ಕೈಗೆ ಸಿಕ್ಕ ಪ್ರತಿ ಪತ್ರದಲ್ಲಿ ಮೂರು ಸಂಗತಿಗಳನ್ನು ಪೆನ್ಸಿಲಿನಿಂದ ಗುರುತಿಸಿ: ಯಾವ ದೇಶದ ಕಾನೂನು ಅನ್ವಯ ಎಂದು ಬರೆದಿದೆ, ಯಾವ ನ್ಯಾಯಾಲಯ ಎಂದು ಬರೆದಿದೆ, ಇವನ್ನು ಬದಲಿಸುವ ಅಧಿಕಾರ ಯಾರಿಗಿದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಟ್ರಸ್ಟ್ ಹುಟ್ಟಿದ್ದು ಒಂದು ದ್ವೀಪದಲ್ಲಿ, ಈಗಿರುವುದು ಇನ್ನೊಂದರಲ್ಲಿ ಎಂಬುದು ಅಪರೂಪವೇನಲ್ಲ.

ಜೆರ್ಸಿಯ 1984ರ ಟ್ರಸ್ಟ್ ಕಾಯ್ದೆಯ 9ನೇ ವಿಧಿಯಂತಹ ನಿಯಮಗಳನ್ನು ಅಲ್ಲಿನ ವಕೀಲರು ಫೈರ್‌ವಾಲ್, ಅಂದರೆ ಬೆಂಕಿ ತಡೆಯುವ ಗೋಡೆ, ಎಂದು ಕರೆಯುತ್ತಾರೆ. ಜೆರ್ಸಿ ಟ್ರಸ್ಟಿನ ಸಿಂಧುತ್ವವನ್ನು ಜೆರ್ಸಿ ಕಾನೂನಿನಂತೆಯೇ ನಿರ್ಧರಿಸಬೇಕು, ಹೊರದೇಶದ ವಾರಸುದಾರಿಕೆ ನಿಯಮಗಳು ಅದನ್ನು ಅಲುಗಿಸುವಂತಿಲ್ಲ ಎಂಬುದು ಅದರ ತಿರುಳು. ಗರ್ನ್ಸಿ, ಕೇಮನ್‌ಗಳಲ್ಲೂ ಇಂಥದ್ದೇ ಗೋಡೆಗಳಿವೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಿ ಜೆರ್ಸಿಯ ಟ್ರಸ್ಟಿಯನ್ನು ಏಳನೇ ಪ್ರತಿವಾದಿ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಡಿಕ್ರಿ ಸಿಗಬಹುದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಮೈಸೂರಿನ ಮನೆ, ಹಾಸನದ ತೋಟ ಇವುಗಳ ತಕರಾರು ಇಲ್ಲಿಯ ಕೋರ್ಟಿಗೆ ಸೇರಿದ್ದೇ, ಅದನ್ನು ಪ್ರತ್ಯೇಕವಾಗಿ ನಡೆಸಿ. ಆದರೆ ಇಲ್ಲಿಯ ದಾವೆಯಲ್ಲಿ ಬರೆದ ಪ್ರತಿ ಮಾತನ್ನೂ ಅಲ್ಲಿ ನಿಮ್ಮ ಮುಂದೆ ಹಿಡಿಯುತ್ತಾರೆ ಎಂಬುದು ನೆನಪಿರಲಿ.

ಉಯಿಲಿನ ವಿಷಯದಲ್ಲಿ ತೀರಿಕೊಂಡವರ ಕಾಯಂ ನೆಲೆ ಯಾವುದು ಎಂಬ ಪ್ರಶ್ನೆ ದೊಡ್ಡದು. ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ಡೊಮಿಸೈಲ್ ಎನ್ನುತ್ತಾರೆ. ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಕ್ಕಿಂತ, ಎಲ್ಲಿ ಕೊನೆಯವರೆಗೆ ನೆಲೆಸುವ ಮನಸ್ಸಿತ್ತು ಎಂಬುದು ಇಲ್ಲಿ ಮುಖ್ಯ. ನಲವತ್ತು ವರ್ಷ ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದು “ನಿವೃತ್ತಿಯಾದ ಮೇಲೆ ಧಾರವಾಡಕ್ಕೇ ಬರುತ್ತೇನೆ, ಸೈಟು ನೋಡಿಟ್ಟಿರು” ಎಂದು ತಮ್ಮನಿಗೆ ಬರೆದ ಹಳೆಯ ಅಂತರ್ದೇಶೀಯ ಪತ್ರಗಳು ಇಂಥ ಕಡೆ ಸಾಕ್ಷ್ಯವಾಗುತ್ತವೆ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ.

3. ಗಡುವುಗಳು

ಇವನ್ನು ಬ್ಯಾರಿಸ್ಟರ್ ಕೊಡುವ ಲಿಖಿತ ಅಭಿಪ್ರಾಯಕ್ಕಾಗಿ ಕಾಯದೆ ಮೊದಲೇ ನೋಡಿಸಿ. ಇಂಗ್ಲೆಂಡ್ ಅಥವಾ ವೇಲ್ಸ್‌ನ ಡೊಮಿಸೈಲ್ ಹೊಂದಿ ತೀರಿಕೊಂಡವರ ಹೆಂಡತಿ, ಮಕ್ಕಳು, ಅವಲಂಬಿತರು ತಮಗೆ ಸಾಕಷ್ಟು ಬಿಟ್ಟಿಲ್ಲವೆಂದು ಅಲ್ಲಿಯ 1975ರ ವಾರಸುದಾರಿಕೆ ಕಾಯ್ದೆಯಡಿ ಕೇಳಲು ಪ್ರೊಬೇಟ್ (ಉಯಿಲಿಗೆ ಕೋರ್ಟಿನ ಮಾನ್ಯತೆ) ಕೊಟ್ಟ ದಿನದಿಂದ ಆರು ತಿಂಗಳು. ಆಮೇಲೆ ಕೋರ್ಟಿನ ಅನುಮತಿ ಬೇಕು. ಪ್ರೊಬೇಟ್ ಇನ್ನೂ ಆಗಿಲ್ಲದಿದ್ದು ಉಯಿಲಿನ ಬಗ್ಗೆಯೇ ಶಂಕೆಯಿದ್ದರೆ ಅದನ್ನು ಕೊಡದಂತೆ ತಡೆಯುವ ಕೇವಿಯಟ್ ಹಾಕಬಹುದು. ಅದು ಆರು ತಿಂಗಳು ನಿಲ್ಲುತ್ತದೆ, ನವೀಕರಿಸಬಹುದು. ಟ್ರಸ್ಟಿ ಕರ್ತವ್ಯ ಮೀರಿದ ದೂರಿಗೆ ಇಂಗ್ಲೆಂಡಿನಲ್ಲಿ ಸಾಮಾನ್ಯ ಮಿತಿ 6 ವರ್ಷ, ಜೆರ್ಸಿಯಲ್ಲಿ ಬರೀ 3 ವರ್ಷ. ವಂಚನೆಯ ಮಾತು ಬೇರೆ. ಯಾವ ದಿನದಿಂದ ಎಣಿಸಬೇಕು ಎಂಬುದೇ ಅರ್ಧ ಮೊಕದ್ದಮೆ.

4. ಯಾರು ಯಾರು

ನಮ್ಮಲ್ಲಿ ಕಕ್ಷಿದಾರರ ಜೊತೆ ಮಾತಾಡುವವರು, ಅರ್ಜಿ ಬರೆಯುವವರು, ವಾದಿಸುವವರು ಎಲ್ಲ ಒಬ್ಬರೇ ಆಗಬಹುದು. ಇಂಗ್ಲೆಂಡಿನಲ್ಲಿ ಕೆಲಸ ಹಂಚಿಹೋಗಿದೆ. ಕಡತ ಇಟ್ಟುಕೊಂಡು, ಪತ್ರ ವ್ಯವಹಾರ ನಡೆಸಿ, ದಾವೆಯನ್ನು ದಿನದಿನವೂ ಮುಂದಕ್ಕೆ ತಳ್ಳುವವರು ಸಾಲಿಸಿಟರ್. ಕಾನೂನಿನ ಗಂಟು ಬಿಡಿಸಿ ಲಿಖಿತ ಅಭಿಪ್ರಾಯ ಕೊಡುವವರು, ಅರ್ಜಿಯ ಕರಡು ಬರೆಯುವವರು, ವಾದಿಸುವವರು ಬ್ಯಾರಿಸ್ಟರ್. ಟ್ರಸ್ಟ್ ಮತ್ತು ಉಯಿಲಿನ ಕೆಲಸ ಮಾಡುವವರನ್ನು ಚಾನ್ಸರಿ ಬ್ಯಾರಿಸ್ಟರುಗಳು ಎನ್ನುತ್ತಾರೆ. ಇವರಲ್ಲಿ ಬಹಳಷ್ಟು ಮಂದಿಯ ಕಚೇರಿಗಳಿರುವುದು ಲಂಡನ್ನಿನ ಲಿಂಕನ್ಸ್ ಇನ್ ಆವರಣದಲ್ಲಿ ಮತ್ತು ಅದರ ಸುತ್ತಮುತ್ತ.

ಆದರೆ ಲಂಡನ್ನಿನ ಬ್ಯಾರಿಸ್ಟರ್ ಜೆರ್ಸಿಯ ರಾಯಲ್ ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವಂತಿಲ್ಲ, ಆ ಹಕ್ಕು ಅಲ್ಲಿಯ ಅಡ್ವೊಕೇಟರದು. ನಾರ್ಮನ್ ಸಂಪ್ರದಾಯದ ಬೇರುಗಳಿರುವ ಆ ದ್ವೀಪದ ಕಾನೂನು ಇಂಗ್ಲೆಂಡಿನದಲ್ಲ. ಅಲ್ಲಿ ಲಂಡನ್ನಿನ ಬ್ಯಾರಿಸ್ಟರ್ ತೆರೆಮರೆಯಲ್ಲಿದ್ದು ಸಲಹೆ ಕೊಡುತ್ತಾರೆ. ಕೇಮನ್‌ನಲ್ಲಿ ಒಂದು ನಿರ್ದಿಷ್ಟ ಮೊಕದ್ದಮೆಯ ಮಟ್ಟಿಗೆ ಹೊರಗಿನ ಹಿರಿಯ ಬ್ಯಾರಿಸ್ಟರನ್ನು ಸೇರಿಸಿಕೊಳ್ಳುವ ಪದ್ಧತಿಯಿದೆ. ಈ ದ್ವೀಪಗಳೆಲ್ಲವುಗಳ ಕೊನೆಯ ಮೇಲ್ಮನವಿ ಮಾತ್ರ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿರುವ ಪ್ರಿವಿ ಕೌನ್ಸಿಲ್‌ಗೇ. ನಮ್ಮ ಅಜ್ಜಂದಿರ ಕಾಲದಲ್ಲಿ ಮಂಗಳೂರು, ಧಾರವಾಡ, ಬೆಳಗಾವಿಯ ಆಸ್ತಿ ವ್ಯಾಜ್ಯಗಳು ಮದ್ರಾಸು, ಬೊಂಬಾಯಿ ಹೈಕೋರ್ಟುಗಳನ್ನು ದಾಟಿ ಹೋಗುತ್ತಿದ್ದುದೂ ಅಲ್ಲಿಗೇ. ಭಾರತ ಆ ಬಾಗಿಲನ್ನು 1949ರಲ್ಲಿ ಮುಚ್ಚಿತು, ದ್ವೀಪಗಳು ಇನ್ನೂ ತೆರೆದಿಟ್ಟುಕೊಂಡಿವೆ.

ಹಾಗಾದರೆ ಮೊದಲ ಕರೆ ಯಾರಿಗೆ? ಟ್ರಸ್ಟಿನ ಕಾನೂನು ಜೆರ್ಸಿಯದಾದರೆ ಜೆರ್ಸಿಯ ಅಡ್ವೊಕೇಟರಿಗೆ, ಇಂಗ್ಲೆಂಡಿನದಾದರೆ ಸಾಲಿಸಿಟರಿಗೆ. ಬ್ಯಾರಿಸ್ಟರನ್ನು ಅವರ ಮೂಲಕ ಗೊತ್ತು ಮಾಡಿಕೊಳ್ಳುವುದು ವಾಡಿಕೆ. ಸಾರ್ವಜನಿಕರೇ ನೇರವಾಗಿ ಬ್ಯಾರಿಸ್ಟರನ್ನು ಗೊತ್ತುಮಾಡಿಕೊಳ್ಳುವ ವ್ಯವಸ್ಥೆ 2004ರಿಂದ ಇದೆ, ಅದಕ್ಕೆ ತರಬೇತಿ ಪಡೆದವರು ಮಾತ್ರ ಒಪ್ಪಿಕೊಳ್ಳಬಹುದು. ಒಂದೇ ಒಂದು ಪ್ರಶ್ನೆಗೆ ಅಭಿಪ್ರಾಯ ಬೇಕಿದ್ದರೆ ಆ ದಾರಿ ಅಗ್ಗ. ಐದು ದೇಶಗಳ ಕಾಗದಗಳಿದ್ದರೆ ಬೇಡ, ಕಡತ ಹೊರುವವರು ಯಾರೂ ಇಲ್ಲದೆ ನೀವೇ ಹೊರಬೇಕಾಗುತ್ತದೆ.

5. ಸರಿಯಾದ ಬ್ಯಾರಿಸ್ಟರನ್ನು ಹುಡುಕುವುದು

ಕಾನೂನು ಕ್ಷೇತ್ರದ ಶ್ರೇಯಾಂಕ ಪಟ್ಟಿಗಳನ್ನು ನೋಡಿ, ಆದರೆ ಅಲ್ಲಿ ನಿಲ್ಲಬೇಡಿ. ಆ ಪಟ್ಟಿಗಳಲ್ಲಿ ಎಲ್ಲರೂ ಅದ್ಭುತ, ಎಲ್ಲರೂ ಕುಶಾಗ್ರಮತಿ. ನಾನು ನಂಬುವುದು ತೀರ್ಪುಗಳನ್ನು. ಇಂಗ್ಲೆಂಡಿನ ತೀರ್ಪುಗಳು ಅಲ್ಲಿಯ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ, ಜೆರ್ಸಿಯವು ಜೆರ್ಸಿ ಕಾನೂನು ಮಾಹಿತಿ ಮಂಡಳಿಯ ತಾಣದಲ್ಲಿ, ಪ್ರಿವಿ ಕೌನ್ಸಿಲ್‌ನವು ಅದರದೇ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮದರಂಥ ತಕರಾರಿನ ಐದಾರು ತೀರ್ಪು ತೆಗೆಯಿರಿ. ಮೊದಲ ಪುಟದಲ್ಲೇ ಯಾರ ಪರ ಯಾರು ವಾದಿಸಿದರು ಎಂದಿರುತ್ತದೆ. ಒಂದೇ ಹೆಸರು ಮತ್ತೆ ಮತ್ತೆ ಟ್ರಸ್ಟಿಗಳ ಪರವೇ ಬರುತ್ತಿದೆಯೇ, ಫಲಾನುಭವಿಗಳ ಪರವೂ ಬರುತ್ತಿದೆಯೇ ನೋಡಿ. ಎರಡೂ ಕಡೆ ನಿಂತು ಬಂದವರು ನನಗೆ ಇಷ್ಟ. ಎದುರಿನವರು ಯಾವ ಬಾಗಿಲಿನಿಂದ ಬರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹೆಸರಿನ ಕೊನೆಗೆ ಕೆ.ಸಿ. ಎಂದಿದ್ದರೆ ಅವರು ರಾಜರ ಹಿರಿಯ ನ್ಯಾಯವಾದಿ. ರಾಣಿ ಎಲಿಜಬೆತ್ ತೀರಿಕೊಂಡ 2022ರ ಸೆಪ್ಟೆಂಬರ್‌ವರೆಗೆ ಇದು ಕ್ಯೂ.ಸಿ. ಆಗಿತ್ತು, ಹಾಗಾಗಿ ಹಳೆಯ ತೀರ್ಪುಗಳಲ್ಲಿ ಅದೇ ಜನ ಬೇರೆ ಅಕ್ಷರಗಳೊಂದಿಗೆ ಸಿಗುತ್ತಾರೆ. ರೇಷ್ಮೆಯ ನಿಲುವಂಗಿ ತೊಡುವುದರಿಂದ ಅವರನ್ನು ಸಿಲ್ಕ್ ಎಂದೇ ಕರೆಯುತ್ತಾರೆ, ರಾಮನಗರದವರಿಗೆ ಸಂತೋಷವಾಗಬಹುದು. ಕೆ.ಸಿ. ಅಲ್ಲದವರೆಲ್ಲ ಜೂನಿಯರ್. ಈ ಮಾತು ಕೇಳಿ ಬೆಚ್ಚಬೇಡಿ, ಇಪ್ಪತ್ತು ವರ್ಷ ಟ್ರಸ್ಟ್ ಕೆಲಸ ಮಾಡಿ ತಲೆ ನರೆತವರೂ ಜೂನಿಯರ್ ಆಗಿರುತ್ತಾರೆ. ಮೊದಲ ಅಭಿಪ್ರಾಯಕ್ಕೆ ಅಂಥ ಜೂನಿಯರ್ ಸಾಕು ಎಂಬುದು ನನ್ನ ಅನುಭವ. ಕಾಗದಗಳನ್ನು ಅವರು ತಾವೇ ಓದುತ್ತಾರೆ, ಬೇಗ ಸಿಗುತ್ತಾರೆ, ಶುಲ್ಕವೂ ಕಡಿಮೆ. ದಾವೆ ದೊಡ್ಡದಾದರೆ ಅವರ ಮೇಲೊಬ್ಬ ಕೆ.ಸಿ.ಯನ್ನು ಸೇರಿಸಿಕೊಳ್ಳಬಹುದು.

ಬ್ಯಾರಿಸ್ಟರಿಗೆ ಪ್ರಾಕ್ಟೀಸ್ ಮಾಡುವ ಅನುಮತಿ ಇದೆಯೇ, ಶಿಸ್ತುಕ್ರಮ ಏನಾದರೂ ಆಗಿದೆಯೇ ಎಂಬುದನ್ನು ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಎಂಬ ಅವರ ನಿಯಂತ್ರಣ ಸಂಸ್ಥೆಯ ನೋಂದಣಿ ಪಟ್ಟಿಯಲ್ಲಿ ನೋಡಬಹುದು. ಎರಡು ನಿಮಿಷದ ಕೆಲಸ.

ಮಾತುಕತೆ ಆರಂಭವಾಗುವುದು ಬ್ಯಾರಿಸ್ಟರ್ ಜೊತೆಯಲ್ಲ, ಅವರ ಚೇಂಬರ್ಸಿನ, ಅಂದರೆ ಹಲವು ಬ್ಯಾರಿಸ್ಟರುಗಳು ಹಂಚಿಕೊಂಡ ಕಚೇರಿಯ, ಕ್ಲರ್ಕ್ ಜೊತೆ. ಗುಮಾಸ್ತ ಎಂದು ಅನುವಾದಿಸಿಕೊಂಡು ಹಗುರವಾಗಿ ಮಾತಾಡಬೇಡಿ. ಯಾರು ಯಾವ ದಿನ ಖಾಲಿ, ಯಾರಿಗೆ ಎಷ್ಟು ಶುಲ್ಕ, ನಿಮ್ಮ ಕೆಲಸಕ್ಕೆ ಯಾರು ಒಗ್ಗುತ್ತಾರೆ ಎಂಬುದೆಲ್ಲ ಅವರ ಕೈಯಲ್ಲಿದೆ. ಮೊದಲ ಪತ್ರದಲ್ಲಿ ಎರಡೂ ಕಡೆಯವರ ಪೂರ್ತಿ ಹೆಸರು, ಟ್ರಸ್ಟಿನ ಹೆಸರು, ಯಾವ ಕಾನೂನು, ಗಡುವು ಇದ್ದರೆ ಯಾವಾಗ, ಇಷ್ಟೇ ಬರೆಯಿರಿ. ಗುಟ್ಟುಗಳನ್ನು ಬರೆಯಬೇಡಿ. ಅವರು ಮೊದಲು ನೋಡುವುದು, ಎದುರು ಪಕ್ಷದವರು ಆ ಬ್ಯಾರಿಸ್ಟರನ್ನು ಆಗಲೇ ಹಿಡಿದಿದ್ದಾರೆಯೇ ಎಂದು. ಈ ಕ್ಷೇತ್ರ ಚಿಕ್ಕದು, ದೊಡ್ಡ ಟ್ರಸ್ಟ್ ಕಂಪನಿಗಳು ತಕರಾರಿನ ವಾಸನೆ ಬಡಿದೊಡನೆ ಒಳ್ಳೆಯವರನ್ನು ಕಾಯ್ದಿರಿಸಿಕೊಳ್ಳುತ್ತವೆ. ಇನ್ನೊಂದು ವಿಚಿತ್ರವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಬ್ಯಾರಿಸ್ಟರೂ ಎದುರಿನವರ ಬ್ಯಾರಿಸ್ಟರೂ ಒಂದೇ ಚೇಂಬರ್ಸಿನವರಾಗಿರಬಹುದು. ಅದು ಪಾಲುದಾರಿಕೆಯ ಸಂಸ್ಥೆಯಲ್ಲ, ಪ್ರತಿಯೊಬ್ಬರೂ ಸ್ವತಂತ್ರರು, ಬಾಡಿಗೆ ಮತ್ತು ಕ್ಲರ್ಕುಗಳನ್ನು ಮಾತ್ರ ಹಂಚಿಕೊಂಡಿರುತ್ತಾರೆ. “ಒಳಗೊಳಗೇ ಒಂದಾಗಿಬಿಟ್ಟರು” ಎಂದು ಹೌಹಾರಿ ಒಳ್ಳೆಯ ವಕೀಲರನ್ನು ಬಿಟ್ಟ ಕಕ್ಷಿದಾರರನ್ನು ನಾನು ಕಂಡಿದ್ದೇನೆ.

6. ಕಡತ ಕಟ್ಟುವುದು

ಇಲ್ಲಿ ಹಣ ಉಳಿಯುತ್ತದೆ, ಇಲ್ಲೇ ಹಾಳಾಗುವುದೂ. ಬ್ಯಾರಿಸ್ಟರ್ ಗಂಟೆಗೆ ಲೆಕ್ಕ ಹಾಕಿ ಓದುತ್ತಾರೆ. ಮುನ್ನೂರು ವಾಟ್ಸ್ಆ್ಯಪ್ ಚಿತ್ರಗಳನ್ನು ಹಾಗೇ ಕಳುಹಿಸಿದರೆ ಅವುಗಳನ್ನು ಜೋಡಿಸುವುದಕ್ಕೂ ನೀವೇ ಪೌಂಡುಗಳಲ್ಲಿ ತೆರುತ್ತೀರಿ.

ಮೊದಲು ವಂಶವೃಕ್ಷ. ನಾಡಕಚೇರಿಯಲ್ಲಿ ಕೊಡುವ ಮಾದರಿಯದು ಸಾಲದು. ಪ್ರತಿ ಹೆಸರಿನ ಕೆಳಗೆ ಹುಟ್ಟಿದ ದಿನ, ತೀರಿಕೊಂಡಿದ್ದರೆ ಆ ದಿನ, ಮದುವೆ, ಈಗ ಇರುವ ದೇಶ. ಆಮೇಲೆ ತಾರೀಖುವಾರು ಘಟನೆಗಳ ಪಟ್ಟಿ, ಪ್ರತಿ ಸಾಲಿನ ಮುಂದೆ ಅದಕ್ಕೆ ಆಧಾರವಾದ ಕಾಗದದ ಪುಟಸಂಖ್ಯೆ. ಆಧಾರವಿಲ್ಲದ್ದು, ಅಂದರೆ ಅತ್ತೆ ಹೇಳಿದ್ದು, ಮದುವೆ ಮನೆಯಲ್ಲಿ ಕಿವಿಗೆ ಬಿದ್ದದ್ದು, ಇವಕ್ಕೆ ಬೇರೆ ಹಾಳೆ. ಕೆಲಸಕ್ಕೆ ಬರಬಹುದು, ಆದರೆ ದಾಖಲೆಯ ಜೊತೆ ಬೆರೆಯಬಾರದು.

ಇನ್ನು ಹೆಸರುಗಳ ಗೋಜಲು. ಇದು ನಮ್ಮವರದೇ ವಿಶೇಷ ಕಷ್ಟ. ಶಾಲೆಯ ದಾಖಲೆಯಲ್ಲಿ ಎಚ್.ಎಸ್. ಎಂಬ ಇನಿಷಿಯಲ್, ಭಾರತದ ಪಾಸ್‌ಪೋರ್ಟಿನಲ್ಲಿ ಅದು ಹಾಸನ ಶ್ರೀನಿವಾಸಯ್ಯ ಎಂದು ಬಿಡಿಸಿಕೊಂಡಿದೆ, ಬ್ರಿಟಿಷ್ ಬ್ಯಾಂಕಿನಲ್ಲಿ ಹಾಸನ ಎಂಬುದೇ ಕುಟುಂಬದ ಹೆಸರು. ತಮ್ಮನ ದಾಖಲೆಯಲ್ಲಿ ಅಪ್ಪನ ಹೆಸರು ಕೊನೆಗೆ. ನೋಡಿದವರಿಗೆ ಇವರಿಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ಹೇಗೆ ಗೊತ್ತಾಗಬೇಕು? ಪ್ರತಿ ವ್ಯಕ್ತಿಗೆ ಎಷ್ಟು ಬಗೆಯ ಹೆಸರುಗಳು, ಯಾವುದು ಯಾವ ದಾಖಲೆಯಲ್ಲಿ ಎಂದು ಒಂದು ಕೋಷ್ಟಕ ಮಾಡಿ. ಊರಿನ ಹೆಸರು, ತಂದೆಯ ಹೆಸರು ಸೇರಿಸುವ ನಮ್ಮ ಪದ್ಧತಿಯನ್ನು ಎರಡು ಸಾಲಿನಲ್ಲಿ ವಿವರಿಸಿ. ಕನ್ನಡದ ಉಯಿಲು, ಪತ್ರಗಳಿದ್ದರೆ ಪ್ರಮಾಣೀಕೃತ ಅನುವಾದ ಮಾಡಿಸಿ, ಮೂಲವನ್ನು ಜೊತೆಗಿಡಿ. “ನನ್ನ ನಂತರ ಅವನು ನೋಡಿಕೊಳ್ಳಬೇಕು” ಎಂಬ ವಾಕ್ಯದಲ್ಲಿ ನೋಡಿಕೊಳ್ಳುವುದು ಎಂದರೆ ಆರೈಕೆಯೋ, ನಿರ್ವಹಣೆಯೋ, ಒಡೆತನವೋ? ಅನುವಾದಕರು ಆರಿಸಿದ ಒಂದು ಪದದ ಮೇಲೆ ಮೊಕದ್ದಮೆ ವಾಲಬಹುದು.

ಕೊನೆಗೆ ಪ್ರಶ್ನೆಗಳು. “ನಮಗೆ ನ್ಯಾಯ ಸಿಗುತ್ತದೆಯೇ” ಎಂಬುದು ಪ್ರಶ್ನೆಯಲ್ಲ. ಹೀಗೆ ಕೇಳಿ: ಮೊದಲನೆಯದಾಗಿ, ಇಂಥ ದಿನ ನಮ್ಮ ತಾಯಿಯನ್ನು ಫಲಾನುಭವಿಗಳ ಪಟ್ಟಿಯಿಂದ ತೆಗೆದದ್ದು ಸಿಂಧುವೇ? ಎರಡನೆಯದಾಗಿ, ಟ್ರಸ್ಟಿನ ಲೆಕ್ಕಪತ್ರ ಕೇಳುವ ಹಕ್ಕು ನಮಗಿದೆಯೇ, ಇದ್ದರೆ ಯಾವ ವರ್ಷಗಳದ್ದು? ಮೂರನೆಯದಾಗಿ, ಗಡುವು ಯಾವಾಗ ಮುಗಿಯುತ್ತದೆ? ನಾಲ್ಕನೆಯದಾಗಿ, ಸೋತರೆ ಯಾರ ಖರ್ಚು ಯಾರ ಮೇಲೆ? ನಾಲ್ಕೈದು ಸಾಕು. ನಿಮಗೆ ಪ್ರತಿಕೂಲವಾದ ಕಾಗದವನ್ನು ಎಲ್ಲಕ್ಕಿಂತ ಮೇಲಿಡಿ. ಅದನ್ನು ಮುಚ್ಚಿಟ್ಟು ಪಡೆದ ಅಭಿಪ್ರಾಯ ಜ್ವರವನ್ನು ಹೇಳದೆ ಪಡೆದ ಔಷಧಿಯಂತೆ.

7. ಅಭಿಪ್ರಾಯ ಬಂದ ಮೇಲೆ

ಅಭಿಪ್ರಾಯ ಓದಿ ಆದ ಮೇಲೆ ಬ್ಯಾರಿಸ್ಟರ್ ಜೊತೆ ವಿಡಿಯೊ ಸಭೆ ಕೇಳಿ. ಲಂಡನ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಕೇಮನ್ ಹತ್ತೂವರೆ ಗಂಟೆ ಹಿಂದೆ. ಸಭೆಯಲ್ಲಿ ಮನೆಯ ಪರವಾಗಿ ಒಬ್ಬರೇ ಮಾತಾಡಲಿ. ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ನೇರವಾಗಿ ಕೇಳಿ, ಅವರು ಹೇಳುತ್ತಾರೆ. ಅರವತ್ತು ಎಂದರೆ ಒಳ್ಳೆಯ ಕೇಸು ಎಂದು ಅರ್ಥ ಮಾಡಿಕೊಳ್ಳಿ. ತೊಂಬತ್ತು ಎನ್ನುವವರ ಬಗ್ಗೆ ನನಗೆ ಅನುಮಾನ.

ಆ ಅಭಿಪ್ರಾಯವನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ. ವಕೀಲರು ಕಕ್ಷಿದಾರರಿಗೆ ಕೊಟ್ಟ ಸಲಹೆಗೆ ಗೋಪ್ಯತೆಯ ರಕ್ಷಣೆಯಿದೆ, ಎದುರಿನವರು ಕೇಳಿದರೂ ಕೊಡಬೇಕಿಲ್ಲ. ಆದರೆ ಗೋಪ್ಯತೆ ನಿಮ್ಮ ಕೈಯಾರೆ ಹೋದರೆ ಹೋದಂತೆ. ನಾನು ಬಲ್ಲ ಒಂದು ಮನೆಯಲ್ಲಿ ಇಪ್ಪತ್ತೆರಡು ಪುಟಗಳ ಅಭಿಪ್ರಾಯ ಬಂದ ಸಂಜೆಯೇ ಗುಂಪಿಗೆ ಹೋಯಿತು. ಗುಂಪಿನಲ್ಲಿದ್ದ ಒಬ್ಬ ಸೋದರಳಿಯ ಎದುರು ಪಕ್ಷದವರ ಅಳಿಯನೂ ಆಗಿದ್ದ. ನಮ್ಮ ಕೇಸಿನ ದುರ್ಬಲ ಜಾಗ ಯಾವುದು ಎಂಬುದನ್ನು ನಾವೇ ಶುಲ್ಕ ಕೊಟ್ಟು ಬರೆಸಿ ಅವರಿಗೆ ತಲುಪಿಸಿದ್ದೆವು.

8. ಯಾವ ದಾರಿ

ದಾವೆ ಎಂದರೆ ಒಂದೇ ಬಗೆಯಲ್ಲ. ನನ್ನ ಅನುಭವದಲ್ಲಿ ಬಹುತೇಕ ತಕರಾರುಗಳು ಮಾಹಿತಿ ಕೇಳುವುದರಿಂದ ಶುರುವಾಗುತ್ತವೆ, ಕೆಲವು ಅಲ್ಲೇ ಮುಗಿಯುತ್ತವೆ. ಇದರ ಬುನಾದಿ 2003ರ ಒಂದು ಪ್ರಿವಿ ಕೌನ್ಸಿಲ್ ತೀರ್ಪು. ರಷ್ಯಾದ ತೈಲ ಕಂಪನಿಯ ಅಧಿಕಾರಿಯೊಬ್ಬರು ಉಯಿಲು ಬರೆಯದೆ ತೀರಿಕೊಂಡರು, ಐಲ್ ಆಫ್ ಮ್ಯಾನ್‌ನ ಟ್ರಸ್ಟುಗಳ ಕಾಗದ ಕೊಡಿ ಎಂದು ಮಗ ಕೇಳಿದ. ಫಲಾನುಭವಿಗೆ ಖಚಿತವಾದ ಪಾಲು ಇರಲೇಬೇಕೆಂದಿಲ್ಲ, ಟ್ರಸ್ಟಿನ ಮೇಲ್ವಿಚಾರಣೆ ನ್ಯಾಯಾಲಯದ ಅಧಿಕಾರ, ಏನನ್ನು ತೋರಿಸಬೇಕು ಎಂಬುದನ್ನು ಅದು ಸಂದರ್ಭ ನೋಡಿ ನಿರ್ಧರಿಸುತ್ತದೆ ಎಂದಿತು ಪ್ರಿವಿ ಕೌನ್ಸಿಲ್. ಹಾಗಾಗಿ ಟ್ರಸ್ಟ್ ಪತ್ರ ಮತ್ತು ಲೆಕ್ಕಪತ್ರ ಸಾಮಾನ್ಯವಾಗಿ ಸಿಗುತ್ತವೆ. ಟ್ರಸ್ಟಿಗಳು ಯಾಕೆ ಹಾಗೆ ತೀರ್ಮಾನಿಸಿದರು ಎಂಬ ಟಿಪ್ಪಣಿಗಳು, ಸ್ಥಾಪಿಸಿದವರು ಬರೆದಿಟ್ಟ ಆಶಯ ಪತ್ರ ಸಿಗುವುದು ಕಷ್ಟ.

ಇನ್ನೊಂದು ದಾರಿ ಟ್ರಸ್ಟಿಯ ತೀರ್ಮಾನವನ್ನೇ ಪ್ರಶ್ನಿಸುವುದು. ತೈವಾನಿನ ಫಾರ್ಮೋಸಾ ಪ್ಲಾಸ್ಟಿಕ್ಸ್ ಸ್ಥಾಪಿಸಿದ ವಾಂಗ್ ಸಹೋದರರು 2001ರಲ್ಲಿ ಬರ್ಮುಡಾದಲ್ಲಿ ಎರಡು ಟ್ರಸ್ಟ್ ಮಾಡಿದರು, ಒಂದು ಕುಟುಂಬಕ್ಕೆ, ಇನ್ನೊಂದು ನಿರ್ದಿಷ್ಟ ಉದ್ದೇಶಗಳಿಗೆ. 2005ರಲ್ಲಿ ಟ್ರಸ್ಟಿ ಕುಟುಂಬದವರನ್ನೆಲ್ಲ ಪಟ್ಟಿಯಿಂದ ಹೊರಗಿಟ್ಟು, ಸುಮಾರು 56 ಕೋಟಿ ಡಾಲರ್ ಆಸ್ತಿಯನ್ನು ಎರಡನೆಯದಕ್ಕೆ ಸಾಗಿಸಿದರು. ಸೇರಿಸುವ, ತೆಗೆಯುವ ಅಧಿಕಾರ ಪತ್ರದಲ್ಲಿ ಸ್ಪಷ್ಟವಾಗಿತ್ತು, ಸ್ಥಾಪಕರ ಆಶಯವೂ ಅದೇ ಎಂಬ ವಾದವಿತ್ತು. ಆದರೂ 2022ರ ಡಿಸೆಂಬರ್‌ನಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಅಸಿಂಧು ಎಂದಿತು. ಕುಟುಂಬದ ಹಿತಕ್ಕಾಗಿ ಕೊಟ್ಟ ಅಧಿಕಾರವನ್ನು ಕುಟುಂಬವನ್ನೇ ಬರಿಗೈ ಮಾಡಲು ಬಳಸುವಂತಿಲ್ಲ. ಹೆಸರು ತೆಗೆದರು ಎಂದು ಬರುವವರಿಗೆ ನಾನು ಮೊದಲು ಓದಿಸುವ ತೀರ್ಪು ಇದು, ಎರಡು ಕಾರಣಕ್ಕೆ: ಅಧಿಕಾರ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ ಎಂದು ತೋರಿಸಲು, ಮತ್ತು 2005ರಿಂದ 2022ಕ್ಕೆ ಎಷ್ಟು ವರ್ಷ ಎಂದು ಅವರೇ ಎಣಿಸಲಿ ಎಂದು.

ಹಣ ಕೈಬಿಟ್ಟು ಹೋಗುವ ಭಯವಿದ್ದರೆ ಮಧ್ಯಂತರ ತಡೆಯಾಜ್ಞೆ. ಟ್ರಸ್ಟಿಯನ್ನು ತೆಗೆಯಬೇಕೆಂಬ ಅರ್ಜಿ ಕೊನೆಯ ಅಸ್ತ್ರ, ಜಗಳವಿದೆ ಎಂಬಷ್ಟಕ್ಕೇ ಅದು ಸಿಗುವುದಿಲ್ಲ.

9. ಖರ್ಚು

ಬ್ಯಾರಿಸ್ಟರಿಗೆ ಅಭಿಪ್ರಾಯಕ್ಕೆ ಒಂದು ನಿಗದಿತ ಶುಲ್ಕ ಕೇಳಿ, ಗಂಟೆ ಲೆಕ್ಕ ಬೇಡ. ವಿಚಾರಣೆಗಾದರೆ ತಯಾರಿ ಮತ್ತು ಮೊದಲ ದಿನಕ್ಕೆ ಒಂದು ಮೊತ್ತ, ಆಮೇಲಿನ ಪ್ರತಿ ದಿನಕ್ಕೆ ಒಂದು ಮೊತ್ತ. ವಿಚಾರಣೆಗೆ ಕೆಲವೇ ದಿನ ಮುಂಚೆ ರಾಜಿಯಾದರೂ ಆ ಮೊದಲ ಮೊತ್ತ ಕೊಡಬೇಕಾಗಬಹುದು, ಯಾವ ದಿನದಿಂದ ಅದು ಬಾಕಿಯಾಗುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ.

ಅದಕ್ಕಿಂತ ದೊಡ್ಡದು ಎದುರಿನವರ ಖರ್ಚು. ಹಗೆತನದ ದಾವೆಯಲ್ಲಿ ಸೋತವರು ಗೆದ್ದವರ ವೆಚ್ಚದ ಬಹುಭಾಗ ತೆರಬೇಕು. ಟ್ರಸ್ಟ್ ಪತ್ರದ ಅರ್ಥ ಏನೆಂದು ಎಲ್ಲರ ಪರವಾಗಿ ಕೇಳಿದ ಅರ್ಜಿಯಾದರೆ ವೆಚ್ಚ ಟ್ರಸ್ಟಿನ ನಿಧಿಯಿಂದಲೇ ಹೋಗುತ್ತದೆ. ಈ ಭೇದ 1907ರಿಂದ ನಡೆದುಬಂದಿದೆ. ಹಾಗಾಗಿ ನಿಮ್ಮ ಅರ್ಜಿ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಬ್ಯಾರಿಸ್ಟರಿಂದ ಬರಹದಲ್ಲಿ ಪಡೆಯಿರಿ. ಟ್ರಸ್ಟಿಗಳು ನಿಧಿಯ ಹಣದಲ್ಲಿ ಹೋರಾಡಲು ಕೋರ್ಟಿನ ಮುಂಗಡ ಅನುಮತಿ ಪಡೆದಿದ್ದಾರೆಯೇ ಎಂದೂ ಕೇಳಿ. ಇಲ್ಲದಿದ್ದರೆ ಅವರೂ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ವಾದಿ ಭಾರತದಲ್ಲಿ ನೆಲೆಸಿದ್ದರೆ ವೆಚ್ಚಕ್ಕೆ ಮುಂಚಿತವಾಗಿ ಭದ್ರತಾ ಠೇವಣಿ ಇಡಿ ಎಂದು ಎದುರಿನವರು ಕೇಳಬಹುದು. ಇಲ್ಲಿಂದ ಹಣ ಕಳುಹಿಸಲು ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ, ದೊಡ್ಡ ದಾವೆಗೆ ಅದನ್ನೂ ಲೆಕ್ಕದಲ್ಲಿಡಬೇಕು.

10. ರಾಜಿ

ಹೈದರಾಬಾದಿನ ಏಳನೇ ನಿಜಾಮರ ಹಣದ ಕಥೆಯನ್ನು ಕಲಬುರಗಿ, ಬೀದರ್, ರಾಯಚೂರಿನವರಿಗೆ ನೆನಪಿಸಬೇಕಿಲ್ಲ. ಅವರ ಊರುಗಳು ಭಾರತಕ್ಕೆ ಸೇರಿದ ಅದೇ 1948ರ ಸೆಪ್ಟೆಂಬರ್‌ನಲ್ಲಿ ನಿಜಾಮ ಸರ್ಕಾರದ 10,07,940 ಪೌಂಡ್, 9 ಷಿಲ್ಲಿಂಗ್ ಲಂಡನ್ನಿನ ಬ್ಯಾಂಕೊಂದರಲ್ಲಿ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ವಾಪಸ್ ಕೇಳಿದ ದಾವೆ ಸಾರ್ವಭೌಮ ರಾಷ್ಟ್ರದ ವಿನಾಯಿತಿಯ ಪ್ರಶ್ನೆಯಲ್ಲಿ 1957ರಲ್ಲಿ ನಿಂತುಹೋಯಿತು. 2013ರಲ್ಲಿ ಪಾಕಿಸ್ತಾನವೇ ಹಣ ಕೇಳಿ ಕೋರ್ಟಿಗೆ ಹೋದ ಮೇಲೆ ಬಾಗಿಲು ಮತ್ತೆ ತೆರೆಯಿತು. 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟ್ ತೀರ್ಪು ಕೊಟ್ಟಿತು. ಪಾಕಿಸ್ತಾನ ಆ ಹಣವನ್ನು ನಿಜಾಮರಿಗಾಗಿ ಟ್ರಸ್ಟಿನಲ್ಲಿ ಹಿಡಿದಿತ್ತು, ಈಗ ಅದು ಅವರ ಮೂಲಕ ಹಕ್ಕು ಪಡೆದ ಇಬ್ಬರು ಮೊಮ್ಮಕ್ಕಳಿಗೂ ಭಾರತಕ್ಕೂ ಸೇರಬೇಕು. ಹತ್ತು ಲಕ್ಷ ಪೌಂಡ್ ಆ ಹೊತ್ತಿಗೆ ಸುಮಾರು ಮೂರೂವರೆ ಕೋಟಿ ಪೌಂಡ್ ಆಗಿತ್ತು.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ತೀರ್ಪಲ್ಲ. ಭಾರತವೂ ಆ ಇಬ್ಬರೂ ತಮ್ಮೊಳಗೆ ಯಾರಿಗೆ ಎಷ್ಟು ಎಂಬುದನ್ನು ವಿಚಾರಣೆಗೆ ಮೊದಲೇ ರಾಜಿ ಮಾಡಿಕೊಂಡಿದ್ದರು. ತೀರ್ಪಿನ ಮೇಲೆ ನಾವೂ ವಂಶಸ್ಥರೇ ಎಂದು ಇನ್ನಷ್ಟು ಜನ ಬಂದರು, 2020ರಲ್ಲಿ ನ್ಯಾಯಾಲಯ ಪ್ರಕರಣವನ್ನು ಮತ್ತೆ ತೆರೆಯಲು ಒಪ್ಪಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಮಾಡಿ: ಒಂದೇ ಕಡೆ ನಿಲ್ಲುವ ಅಣ್ಣತಮ್ಮ, ಅಕ್ಕತಂಗಿಯರು ಬಂದದ್ದನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂಬುದನ್ನು ಮೊದಲೇ ಬರೆದು ಸಹಿ ಮಾಡಿ. ಖರ್ಚು ಯಾರು ಎಷ್ಟು ಹಾಕುತ್ತೀರಿ ಎಂಬುದನ್ನೂ.

ಟ್ರಸ್ಟಿಯ ಜೊತೆಗಿನ ರಾಜಿ ಎಲ್ಲ ಫಲಾನುಭವಿಗಳನ್ನೂ ಕಟ್ಟಿಹಾಕಬೇಕಾದರೆ ಅಪ್ರಾಪ್ತ ಮಕ್ಕಳ ಮತ್ತು ಇನ್ನೂ ಹುಟ್ಟದವರ ಪರವಾಗಿ ಕೋರ್ಟಿನ ಒಪ್ಪಿಗೆ ಬೇಕು. ಅವರಿಗಾಗಿ ಬೇರೆ ಬ್ಯಾರಿಸ್ಟರ್ ಇದ್ದು, ಇದು ಮಕ್ಕಳಿಗೆ ಒಳಿತೇ ಎಂದು ಅಭಿಪ್ರಾಯ ಕೊಡುತ್ತಾರೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಹಣ ನಾಳೆಯೇ ಬಂತು ಎಂದು ಮನೆಗೆ ಅಡ್ವಾನ್ಸ್ ಕೊಡಬೇಡಿ.

11. ಇಲ್ಲಿಯ ಲೆಕ್ಕ

ರಾಜಿಯ ಕರಡಿಗೆ ಸಹಿ ಹಾಕುವ ಮೊದಲು ವಿದೇಶಿ ಆಸ್ತಿಯ ಕೆಲಸ ತಿಳಿದ ಚಾರ್ಟರ್ಡ್ ಅಕೌಂಟೆಂಟ್ ಅದನ್ನು ಓದಬೇಕು. ತೆರಿಗೆಯ ದೃಷ್ಟಿಯಿಂದ ಭಾರತದ ನಿವಾಸಿ ಆದವರು ವಿದೇಶದ ಟ್ರಸ್ಟಿನಲ್ಲಿ ಫಲಾನುಭವಿಯೋ ಟ್ರಸ್ಟಿಯೋ ಸ್ಥಾಪಕರೋ ಆಗಿದ್ದರೆ ಅದನ್ನು ರಿಟರ್ನಿನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡದ ಸಾಧ್ಯತೆಯಿದೆ. ಬಚ್ಚಿಟ್ಟ ಆಸ್ತಿ ಎಂದಾದರೆ ಶೇ 30 ತೆರಿಗೆ, ಅದರ ಮೂರು ಪಟ್ಟು ದಂಡ. ವಿವೇಚನಾ ಟ್ರಸ್ಟಿನಲ್ಲಿ ಬರೀ ಹೆಸರಿದ್ದು ಒಂದು ರೂಪಾಯಿಯೂ ಬರದವರು ಏನು ಮಾಡಬೇಕು ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ. ಅದನ್ನು ಲಂಡನ್ನಿನ ಬ್ಯಾರಿಸ್ಟರಿಗೆ ಕೇಳಬೇಡಿ, ಭಾರತದ ತೆರಿಗೆ ಅವರ ವಿಷಯವಲ್ಲ. ವಿದೇಶದಲ್ಲಿ ನೆಲೆಸಿದ್ದವರಿಂದ ವಾರಸಾಗಿ ಬಂದ ವಿದೇಶಿ ಆಸ್ತಿಯನ್ನು ಇಟ್ಟುಕೊಳ್ಳಲು ವಿದೇಶಿ ವಿನಿಮಯ ಕಾಯ್ದೆ ಅವಕಾಶ ಕೊಡುತ್ತದೆ. ಟ್ರಸ್ಟಿನಿಂದ ಬಂದ ಹಂಚಿಕೆ ವಾರಸಿಕೆಯೇ ಎಂಬುದನ್ನೂ ಅದೇ ಲೆಕ್ಕಪರಿಶೋಧಕರು ಬರೆದು ಕೊಡಲಿ.

ಹಣ ಬರುವ ದಿನ ನಿಮ್ಮ ಬ್ಯಾಂಕಿನವರು ಇದು ಯಾವ ಹಣ ಎಂದು ಕೇಳುತ್ತಾರೆ. ಕೋರ್ಟಿನ ಆದೇಶ, ಟ್ರಸ್ಟಿಯ ನಿರ್ಣಯದ ಪ್ರತಿ, ಹೆಸರುಗಳ ಆ ಕೋಷ್ಟಕ, ಇವಿಷ್ಟನ್ನು ಒಂದು ಲಕೋಟೆಯಲ್ಲಿ ಹಾಕಿ ಹಿಂದಿನ ವಾರವೇ ಶಾಖೆಗೆ ಕೊಟ್ಟಿರಿ. ಹಾಸನ ಎಂಬ ಕುಟುಂಬದ ಹೆಸರಿನಲ್ಲಿ ಬಂದ ಹಣ ಎಚ್.ಎಸ್. ಎಂಬ ಇನಿಷಿಯಲ್ಲಿನ ಖಾತೆಗೆ ಹೊಂದದೆ ವಾಪಸ್ ಹೋದದ್ದೂ ಉಂಟು.